ಇಬ್ಬರು ಮಲಗುವ ವ್ಯಾನು

ಮಗಳ ಮದುವೆ ಮುಗಿದ ಮೇಲೆ, ಇನ್ನಾದರೂ ಗಂಡ ಶ್ರೀಕಂಠನ ಜೊತೆ ಊರೂರು ಸುತ್ತಬೇಕೆಂದು ನಳಿನಿ ಹಟ ಹಿಡಿದು ಆ ಕ್ಯಾಂಪರ್ ವ್ಯಾನು ಕೊಳ್ಳಿಸಿದ್ದಳು. ಒಳಗೆ ಪುಟ್ಟ ಒಲೆ, ಕಿಟಕಿಗೆ ಅವಳೇ ಹೊಲಿದ ಪರದೆ, ಇಬ್ಬರು ಮಲಗುವ ಹಾಸಿಗೆ. ಆದರೆ ಪ್ರತಿ ಸಲವೂ ಹೊರಡುವ ಹೊತ್ತಿಗೆ ಅತ್ತೆ ಚೀಲ ಹಿಡಿದು ಮೊದಲೇ ಹತ್ತಿ ಕೂತಿರುತ್ತಿದ್ದರು. ಕೇಳಿದರೆ ಶ್ರೀಕಂಠ, “ಅಮ್ಮ ಬರ್ತೀನಿ ಅಂದ್ಲು, ಬೇಡ ಅನ್ನೋಕಾಗುತ್ತಾ?” ಎಂದು ಬೇರೆ ಕಡೆ ನೋಡುತ್ತಿದ್ದ. ಹಾಸಿಗೆ ಅತ್ತೆ ಸೊಸೆಯರ ಪಾಲಾದರೆ, ಅವನು ಡ್ರೈವರ್ ಸೀಟಿನಲ್ಲೇ ಹಾಯಾಗಿ ಗೊರಕೆ ಹೊಡೆಯುತ್ತಿದ್ದ.

ಈ ಸಲ ಕಬಿನಿ ಹಿನ್ನೀರಿನ ದಡ. ಸೂರ್ಯ ಹುಟ್ಟುವುದನ್ನು ಗಂಡನ ಪಕ್ಕ ಕೂತು ನೋಡಬೇಕೆಂದು ನಳಿನಿ ಬೇಗ ಎದ್ದರೆ, ಅಮ್ಮನ ಕಾಫಿಗೆ ಹಾಲು ತರುತ್ತೇನೆಂದು ಅವನು ಹೊರಟೇಬಿಟ್ಟ. ಅವಳ ಸಿಟ್ಟು ಕಟ್ಟೆಯೊಡೆಯಿತು.

“ಅತ್ತೆ, ಗಂಡ ಹೆಂಡತಿ ಎರಡು ದಿನ ನೆಮ್ಮದಿಯಾಗಿದ್ರೆ ನಿಮ್ಮ ಕಣ್ಣಿಗೆ ಚುಚ್ಚುತ್ತಾ? ಈ ವಯಸ್ಸಲ್ಲೂ ಮಗನ ಬೆನ್ನು ಬಿಡಲ್ವಲ್ಲ, ನಾಚಿಕೆ ಆಗಲ್ವಾ ನಿಮಗೆ?”

ಅತ್ತೆ ಸೊಂಟ ಹಿಡಿದುಕೊಂಡು ಎದ್ದು ಕೂತರು. ಅವರ ಮುಖವೂ ಕೆಂಪೇರಿತ್ತು.

“ಬಾಯಿ ಮುಚ್ಚೇ! ಈ ಡಬ್ಬದಲ್ಲಿ ಕುಲುಕಾಡಿಕೊಂಡು ಬರೋಕೆ ನನಗೇನು ಹುಚ್ಚಾ? ಮನೇಲಿ ನೆಮ್ಮದಿಯಾಗಿ ಬಿದ್ಕೊಂಡಿರ್ತಿದ್ದೆ.”

“ಮತ್ಯಾಕೆ ಬರ್ತೀರಿ? ಯಾರು ಕರೆದ್ರು ನಿಮ್ಮನ್ನ?”

“ನಿನ್ನ ಗಂಡ ಕಣೆ! ಪ್ರತಿ ಸಲ ಬಂದು ಕಾಲು ಹಿಡ್ಕೋತಾನೆ, ‘ಬಾಮ್ಮ, ಅವಳೊಬ್ಬಳ ಜೊತೆ ಎರಡು ದಿನ ನಾನು ಏನು ಅಂತ ಮಾತಾಡ್ಲಿ’ ಅಂತ.”