ಒಂದೇ ಉಸಿರಿನ ದಾರಿ

ಊರೆಲ್ಲ ಈಗ ಒಳಾಂಗಣ ಕ್ರೀಡಾಂಗಣದಲ್ಲೇ ಇತ್ತು. ಹೊರಗಿನ ಗಾಳಿ ಕುಡಿದವರನ್ನು ಮತ್ತೆ ಒಳಗೆ ಬಿಡುವಂತಿರಲಿಲ್ಲ. ತೊಟ್ಟಿಯಿಂದ ನೀರು ತರುವವರು ಉಸಿರೆಳೆದಿಲ್ಲವೆಂದು ತೋರಿಸಲು ‘ಕಬಡ್ಡಿ, ಕಬಡ್ಡಿ’ ಎನ್ನುತ್ತಲೇ ಹೋಗಿ ಬರಬೇಕು. ನಡುವೆ ದನಿ ಮುರಿದರೆ ಔಟ್.

ಗಿರಿಜ ಬಾಗಿಲಿಗೆ ಕಿವಿಯಿಟ್ಟಿದ್ದಳು. ಗಂಡ ತಿಪ್ಪೇಶನ ದನಿ ಇವತ್ತು ಯಾಕೋ ಸಣ್ಣಗಿತ್ತು.

“ಹೆದರಬೇಡಮ್ಮ, ಜಿಲ್ಲೆಗೆ ಆಡಿದ ರೈಡರ್ ಅವನು,” ಎಂದ ರೆಫರಿ ಖಲೀಲ್, ಚಿಲಕ ಹಿಡಿದುಕೊಂಡೇ. “ನಿನ್ನ ಬೈಗುಳ ಕೇಳೋಕಾದ್ರೂ ಬರ್ತಾನೆ.”

ದನಿ ಮೆಟ್ಟಿಲ ಹತ್ತಿರ ಬಂತು. ಅವಳಿಗೆ ತಡೆಯಲಾಗಲಿಲ್ಲ.

“ರೀ, ಬಂದ್ರಾ?”

“ಬಂದೆ ಕಣೇ.”

ಖಲೀಲ್ ಚಿಲಕದಿಂದ ಕೈ ತೆಗೆದು ಸೀಟಿ ಊದಿದ.

ಹೊರಗೆ ತಿಪ್ಪೇಶ, ಏನೂ ಆಗಿಲ್ಲವೆಂಬಂತೆ, ಮೊದಲಿನಿಂದ ಶುರುಮಾಡಿದ: “ಕಬಡ್ಡಿ, ಕಬಡ್ಡಿ, ಕಬಡ್ಡಿ...”