ಚಿಂದಿಯ ಹೊಗೆ

"ಬಾಯ್ಲರಿಗೆ ಏನ್ ಹಾಕ್ತೀಯಪಾ?" ಹೊಗೆಯ ತಪಾಸಣೆಗೆ ಬಂದ ಸಾಹೇಬರು ಕೇಳಿದರು. ಗಡಿಯ ಗಡಹಿಂಗ್ಲಜ ಕಡೆಯವರು, ಕನ್ನಡ ಬಲ್ಲವರು.

"ಕಬ್ಬಿನ ಸಿಪ್ಪಿ ರೀ. ಬರೇ ಸಿಪ್ಪಿ," ಎಂದ ಯಲ್ಲೇಶ. ಮಹಾರಾಷ್ಟ್ರದ ಇಚಲಕರಂಜಿಯ ಆ ಸೈಜಿಂಗ್ ಕಾರಖಾನೆಯಲ್ಲಿ ನೂಲಿಗೆ ಗಂಜಿ ಹಾಕಲು ಬೇಕಾದ ಉಗಿ ಏಳುವುದು ಅವನು ಹಾಕುವ ಬೆಂಕಿಯಿಂದ. ಸಾಹೇಬರು ಬರುವ ಸುದ್ದಿ ಮಾಲಕ ಹರ್ಷದಶೇಠರಿಗೆ ಮೊದಲೇ ಮುಟ್ಟಿತ್ತು. ಪ್ಲಾಸ್ಟಿಕ್ಕು, ಬಣ್ಣದ ಚಿಂದಿ ತುಂಬಿದ ಚೀಲಗಳೆಲ್ಲ ಬೆಳಿಗ್ಗೆಯೇ ಹಿಂದಿನ ಶೆಡ್ಡು ಸೇರಿ, ಬಾಗಿಲಿಗೆ ಬೀಗ ಬಿದ್ದಿತ್ತು.

ಗೇಟಿನಲ್ಲಿ ನಿಂತಿದ್ದ ಯಲ್ಲೇಶನ ತಾಯಿ ನಾಗೂಬಾಯಿ ಮಗನ ಮುಖವನ್ನೇ ನೋಡಿದಳು. ಆ ಚಿಮಣಿಯ ನೆರಳಲ್ಲೇ ಅವರ ಮನೆ. ಮೊಮ್ಮಗಳು ಮಯೂರಿ ರಾತ್ರಿಯೆಲ್ಲ ಮಲಗಲಾರದೆ, ದಿಂಬಿಗೆ ಒರಗಿ ಕೂತು ಉಸಿರು ಎಳೆಯುತ್ತಿದ್ದಳು. ಎದೆಯೊಳಗಿನ ಆ ಶಿಳ್ಳೆಯಂಥ ಸಪ್ಪಳ ಮುದುಕಿಯ ಕಿವಿ ಬಿಟ್ಟಿರಲಿಲ್ಲ. ಅವಳು ಸೆರಗು ಬಿಗಿದು ಒಳಗೆ ನಡೆದಳು.

"ಸಾಹೇಬ್ರ, ಅಂವ ಸುಳ್ಳ ಹೇಳಾಕತ್ತಾನ. ಚಿಂದಿ ಸುಡತಾರ್ರಿ. ಹಿಂದಿನ ಶೆಡ್ ತಗಸ್ರಿ."

"ಯವ್ವಾ!" ಎಂದ ಯಲ್ಲೇಶ. ಸಾಹೇಬರು ಆಗಲೇ ಶೆಡ್ಡಿನ ಬೀಗ ತೆಗೆಸಲು ಹೊರಟಿದ್ದರು.

ಹೊಗೆ ಸೋಸುವ ಫಿಲ್ಟರ್ ಕೂಡ್ರಿಸುವ ತನಕ ಬೆಂಕಿ ಹಚ್ಚಕೂಡದೆಂದು ಬಾಯ್ಲರಿಗೆ ಸೀಲು ಬಿತ್ತು. ಯಲ್ಲೇಶನ ಕೆಲಸ ಅಂದೇ ಹೋಯಿತು. ಊರಿನ ಬೇರೆ ಸೈಜಿಂಗಿನವರೂ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. "ನಿಮ್ಮವ್ವನೂ ಕೂಡ ಬರತಾಳೇನೋ?" ಎಂದು ನಕ್ಕರು. ಅವನು ತಾಯಿಯೊಂದಿಗೆ ಮಾತು ಬಿಟ್ಟ. ಕಡೆಗೆ, ಕೊಲ್ಹಾಪುರದಾಚೆ ಎಲ್ಲೋ ಕೆಲಸ ಸಿಕ್ಕಿತೆಂದು ಹೆಂಡತಿ ಪೂನಮಳಿಗಷ್ಟೇ ಹೇಳಿ ಒಬ್ಬನೇ ಬಸ್ಸು ಹತ್ತಿದ.

ದೀಪಾವಳಿ ಹೊತ್ತಿಗೆ ಹರ್ಷದಶೇಠರ ಚಿಮಣಿಗೆ ಫಿಲ್ಟರ್ ಬಂತು, ಬಾಯ್ಲರ್ ಮತ್ತೆ ಶುರುವಾಯಿತು. ಹೊಗೆ ಈಗ ಕಂಡೂ ಕಾಣದಷ್ಟು ತೆಳ್ಳಗೆ. ಮಯೂರಿ ಕಾಲು ಚಾಚಿ ನಿದ್ದೆ ಮಾಡುತ್ತಿದ್ದಳು, ಓಣಿಯಲ್ಲಿ ಓಡುತ್ತಿದ್ದಳು. ಅದನ್ನು ನೋಡಲು ಹಬ್ಬಕ್ಕೂ ಅವಳಪ್ಪ ಬರಲಿಲ್ಲ.

ಒಂದು ಮಧ್ಯಾಹ್ನ ಪೂನಮ ಫೋನನ್ನು ತಂದು ನಾಗೂಬಾಯಿಯ ಕೈಗಿಟ್ಟಳು. "ಮಾತಾಡ್ರಿ ಅತ್ತಿ, ನಿಮ್ಮನ್ನ ಕೇಳಾಕತ್ತಾರ."

"ಯಲ್ಲ್ಯಾ... ಉಂಡಿ ಏನಪಾ?" ಎಂದಳು ನಾಗೂಬಾಯಿ. "ಎಂಥಾ ಕೆಲಸ ಐತಿ?"

"ಬಾಯ್ಲರ್ದ, ಯವ್ವಾ. ನನಗ ಬ್ಯಾರೆ ಏನ್ ಬರತೈತಿ?" ಅವನು ಕೆಮ್ಮಿದ. "ಇಲ್ಲೂ ಚಿಂದೀನ ಸುಡತೇನಿ."

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ಕಡೆ, ಬೆಂಕಿಯ ಮೊರೆತದ ಹಿಂದಿನಿಂದ, ಏನೋ ಚಿಲಿಪಿಲಿ ಕೇಳಿಸಿತು.

"ಅದೇನೋ ಸಪ್ಪಳ?"

"ಗ್ವಾಡಿ ಆಚೆ ಬಾಲವಾಡಿ ಐತಿ, ಯವ್ವಾ. ಸಣ್ಣ ಹುಡುಗ್ರು ಹಾಡಾಕತ್ತಾವು."