ತವರಿನ ಮೆಸೇಜು

ಪ್ರತಿ ಗೌರಿ ಹಬ್ಬಕ್ಕೂ ಅತ್ತೆ ಕೇಳುತ್ತಿದ್ದರು: "ನಿಮ್ಮಣ್ಣ ಈ ಸಲಾನೂ ಹಬ್ಬಕ್ಕೆ ಕರೀಲಿಲ್ವೇನಮ್ಮಾ?"

"ಮೆಸೇಜ್ ಹಾಕಿರ್ತಾನೆ ಅತ್ತೆ. ಅವನ ಮೆಸೇಜ್ ಆ್ಯಪ್ ಬೇರೆ, ಅದರಿಂದ ನನ್ನದಕ್ಕೆ ಬರಲ್ಲ" ಎನ್ನುತ್ತಿದ್ದಳು ಸೊಸೆ.

ಅವಳ ಗಂಡ ಎಂಜಿನಿಯರ್. ಒಂದು ಆ್ಯಪಿನ ಮೆಸೇಜು ಇನ್ನೊಂದಕ್ಕೆ ಹೋಗುವಂತೆ ಮಾಡುವುದೇ ಅವನ ತಂಡದ ಕೆಲಸ. ಹಬ್ಬದ ಹಿಂದಿನ ದಿನ ಅದು ಮುಗಿಯಿತು. ಮನೆಗೆ ಬಂದವನೇ ಹೆಂಡತಿಯ ಫೋನ್ ತೆಗೆದುಕೊಂಡು, "ಅಣ್ಣ, ಹಬ್ಬಕ್ಕೆ ಬರ್ಲಾ?" ಎಂದು ಕಳಿಸಿಯೇಬಿಟ್ಟ.

"ನೋಡು, ತಲುಪ್ತು. ನಿಮ್ಮಣ್ಣ ಓದಿಯೂ ಆಯ್ತು."

ಊಟದ ಹೊತ್ತಾದರೂ ಉತ್ತರ ಬರಲಿಲ್ಲ.

"ಯಾಕೆ, ಖುಷಿಯಾಗ್ಲಿಲ್ವಾ ನಿಂಗೆ?" ಎಂದ ಗಂಡ.

ಅತ್ತೆಗೆ ಕೇಳಿಸದಂತೆ ಅವಳು ಮೆಲ್ಲಗೆ ಅಂದಳು: "ನಾಳೆ ಅತ್ತೆ ಕೇಳಿದ್ರೆ ಏನು ಹೇಳ್ಲಿ?"